ಅವ್ವನ ಪುಸ್ತಕವೂ ನನ್ನ ವೆಬ್‌ಸೈಟೂ

ಈ ಶ್ರಾವಣದಲ್ಲಿ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ: ಶಿರಸಿ ಪೇಟೆಯಲ್ಲಿ ಯಾರ ಬಳಿಯೂ ಇಲ್ಲದಂಥ ಸ್ವಂತ ವೆಬ್‌ಸೈಟ್ ಕಟ್ಟಿಯೇ ತೀರುತ್ತೇನೆ! ಹದಿನೆಂಟು ವರ್ಷಗಳಿಂದ ವೆಬ್ ಡೆವಲಪರ್ ಎನಿಸಿಕೊಂಡು ಅಡಿಕೆ ವ್ಯಾಪಾರಿಗಳಿಗೆ, ಕಲ್ಯಾಣ ಮಂಟಪಗಳಿಗೆ, ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ನನ್ನ ಹೆಸರಿನಲ್ಲಿ ಮಾತ್ರ ಒಂದೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಒಂದೂ ಇಲ್ಲ ಎಂದರೆ ಸುಳ್ಳಾದೀತು. ಹಿಂದೆ ಒಂದಿತ್ತು. ಕಾಲೇಜಿನ ದಿನಗಳಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಕಟ್ಟಿದ್ದು. ಮೇಲೆ ನನ್ನ ಹೆಸರು ಸುಭಾಷ್ ಎಂದು ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ನಡುವೆ ಒಂದು ಕಮಲ ಕಾರಣವಿಲ್ಲದೆ ತಿರುಗುತ್ತಿತ್ತು. ಕೆಳಗೆ 'ನೀವು ಇಷ್ಟನೇ ಅತಿಥಿ' ಎಂದು ಅಂಕಿ ಏರುತ್ತಿತ್ತು. ಪುಟ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು! ಒಟ್ಟು ಬಂದ ಅತಿಥಿಗಳು ಮೂವತ್ತೆಂಟು. ಅದರಲ್ಲಿ ಮೂವತ್ತೈದು ಸಲ ನಾನೇ. ಉಳಿದ ಮೂರು ಸಲ ಕೆಫೆಯ ಮಾಲೀಕರು, ಇಂಟರ್ನೆಟ್ ಬಂತೋ ಇಲ್ಲವೋ ನೋಡಲಿಕ್ಕೆ. ಮೂವತ್ತೊಂಬತ್ತನೆಯ ಅತಿಥಿಗಾಗಿ ಕಾದಷ್ಟು ನಾನು ಮತ್ತೆ ಯಾವುದಕ್ಕೂ ಕಾದಿಲ್ಲ. ಆ ಕೆಫೆ ಇದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿಯಿದೆ. ಅದರ ಮೆಟ್ಟಿಲು ಕಂಡರೆ ಇವತ್ತಿಗೂ ಮನಸ್ಸು ಒಂದು ಗಳಿಗೆ ಅಲ್ಲೇ ನಿಂತುಬಿಡುತ್ತದೆ.

ಹೊಸ ಸೈಟಿನಲ್ಲಿ ಆ ಅತಿಥಿಗಳ ಅಂಕಿಯನ್ನು ಮೊದಲು ಕೂರಿಸಿದೆ. ಆಮೇಲೆ ಲೋಕೋಪಕಾರಕ್ಕೆಂದು ಟೂಲುಗಳನ್ನು ಕಟ್ಟಲು ಹೊರಟೆ. ಮೊದಲನೆಯದಕ್ಕೆ ಹುಟ್ಟಿದ ತಾರೀಖು ಕೊಟ್ಟರೆ ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿ ಹೇಳುತ್ತಿತ್ತು. ಹೆಂಡತಿ ಶೈಲಾಳಿಗೆ ತೋರಿಸಿದೆ.

"ನಾ ನನ್ನ ವಯಸ್ಸು ಮರೀಬೇಕಂತ ಒದ್ದಾಡಾಕತ್ತೀನಿ. ನೀವು ದಿನದ ಲೆಕ್ಕ ಹಿಡದು ಹೇಳ್ತೀರಲ್ರಿ."

ಎರಡನೆಯದು, ಮನೆಯಲ್ಲಿರುವ ತರಕಾರಿ ತಿಳಿಸಿದರೆ ಏನು ಅಡುಗೆ ಮಾಡಬಹುದೆಂದು ಸಲಹೆ ಕೊಡುವ ಟೂಲು. ಶೈಲಾ 'ಬದನೆಕಾಯಿ' ಎಂದು ಒತ್ತಿದಳು. ಅದು ಬಹಳ ಹೊತ್ತು ಯೋಚಿಸಿ 'ಬದನೆಕಾಯಿ ಪಲ್ಯ' ಎಂದಿತು. ಅವಳು ಬದನೆಕಾಯಿ ಹೆಚ್ಚಲು ಒಳಗೆ ಹೋದಳು. ಚೆನ್ನಾಗಿ ಬೈದಿದ್ದರೇ ವಾಸಿಯಿತ್ತು.

ಮೂರನೆಯ ಟೂಲಿಗೆ ಕಾರಣ ನನ್ನ ಅವ್ವ ಗುರುಶಾಂತವ್ವ. ದಾಸನಕೊಪ್ಪ ಬಿಟ್ಟು ಶಿರಸಿಗೆ ಬಂದು ನಲವತ್ತು ವರ್ಷವಾದರೂ ಅವಳು ಒಂದು ಪದ್ಧತಿ ಬಿಟ್ಟಿಲ್ಲ. ಶ್ರಾವಣದ ಕಡೆಯ ಸೋಮವಾರ ಮನೆಯಲ್ಲಿ ಹೋಳಿಗೆ ಊಟ. ಅದಕ್ಕೆ ಅವಳೇ ಮನೆಮನೆಗೆ ಹೋಗಿ ಬಾಯಿತುಂಬ ಕರೆದು ಬರಬೇಕು. ಬರೆದು ಕಳಿಸಿದ್ದು ಕರೆದ ಹಾಗಲ್ಲ ಎಂಬುದು ಅವಳ ಶಾಸ್ತ್ರ. ಕರೆಯಬೇಕಾದವರಿಗೆಂದೇ ಒಂದು ದಪ್ಪ ಪುಸ್ತಕ, ಒಂದೊಂದು ಮನೆಗೆ ಒಂದೊಂದು ಹಾಳೆ. ಈ ವರ್ಷ ಅವಳ ಮೊಣಕಾಲು ಮುಷ್ಕರ ಹೂಡಿತ್ತು. "ಈ ಸಲ ಬ್ಯಾಡ ಬಿಡಪ್ಪಾ. ಕರೀಲಾರದ ಯಾರು ಬರ್ತಾರ?" ಎಂದು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ತಕ್ಷಣ ತಂತ್ರಜ್ಞಾನ ಮೈಮೇಲೆ ಬಂತು! ಅವ್ವನ ದನಿಯನ್ನೇ ಹಿಡಿದು ನನ್ನ ಸೈಟಿನಲ್ಲಿಡುವುದು, ಪ್ರತಿ ಮನೆಯ ಮೊಬೈಲಿಗೂ ಅದರ ಬೇರೆ ಬೇರೆ ಲಿಂಕ್ ಕಳಿಸುವುದು. ಒತ್ತಿದರೆ ಅವಳೇ ಕರೆಯುತ್ತಾಳೆ. ಅವ್ವ ಸೆರಗು ಸರಿಮಾಡಿಕೊಂಡು, ಎದುರಿಗೆ ಜನ ನಿಂತಿದ್ದಾರೆಂಬಂತೆ ಫೋನಿಗೆ ಹೇಳಿದಳು: "ನಾನು ಗುರುಶಾಂತವ್ವ. ಸೋಮವಾರ ಊಟಕ್ಕ ಬರ್ರಿ. ಮನಿ ಮಂದಿ ಎಲ್ಲಾರೂ ಬರ್ರಿ. ಹಾದಿ ನೋಡ್ತಿರ್ತೀನಿ."

ಹೆಸರು, ನಂಬರು ತುಂಬಲು ಪುಸ್ತಕ ತೆರೆದೆ. ಏಳು ಹಾಳೆಗಳು ಹಿಂದಿನ ಹಾಳೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದವು. ಹೂರಣದ ಕೈ ತಾಗಿರಬೇಕು ಎಂದುಕೊಂಡೆ. ಚಹಾದ ಪಾತ್ರೆಯ ಹಬೆಗೆ ಹಿಡಿದು, ಚಾಕುವಿನ ಬೆನ್ನಿನಿಂದ ಒಂದೊಂದಾಗಿ ಬಿಡಿಸಿದೆ. ಗುಡ್ನಾಪುರದ ಕದಂಬರ ಶಾಸನ ಮೊದಲು ಓದಿದವರಿಗೂ ಇಷ್ಟು ಹೆಮ್ಮೆ ಆಗಿರಲಿಕ್ಕಿಲ್ಲ! ಆ ಏಳರಲ್ಲಿ ಇದ್ದದ್ದು ಹಳೆಯ ಲ್ಯಾಂಡ್‌ಲೈನ್ ನಂಬರು. ನಾನು ಬಿಡುತ್ತೇನೆಯೇ? ಎರಡು ದಿನ ಅವರಿವರನ್ನು ಕಾಡಿ ಎಲ್ಲರ ಮೊಬೈಲ್ ನಂಬರು ಪತ್ತೆ ಮಾಡಿದೆ. ಒಂದು ಹಾಳೆ ಗೌರಕ್ಕನದು. ಅವ್ವನ ಬಾಲ್ಯದ ಗೆಳತಿ. ನಾನು ಸಣ್ಣವನಿದ್ದಾಗ ಹೋಳಿಗೆಯ ಮೇಲೆ ತುಪ್ಪ ಸುರಿದು, ಆರುವ ಮೊದಲೇ ನನ್ನ ಕೈಗಿಡುತ್ತಿದ್ದವರು. ಬಹಳ ವರ್ಷಗಳಿಂದ ಕಂಡಿರಲಿಲ್ಲ. ವಯಸ್ಸಾಗಿ ಓಡಾಟ ಬಿಟ್ಟಿರಬೇಕು ಎಂದು ನಾನೇ ತೀರ್ಮಾನಿಸಿದ್ದೆ. ದಾಸನಕೊಪ್ಪದ ಕಿರಾಣಿ ಅಂಗಡಿಯವರು ಅವರ ನಂಬರು ಕೊಡುವ ಮೊದಲು, ಖರೇನೇ ಕರೆಯುತ್ತೀರಾ ಎಂದು ಎರಡು ಸಲ ಕೇಳಿದರು. ಹಳ್ಳಿಯ ಜನಕ್ಕೆ ತಂತ್ರಜ್ಞಾನದಲ್ಲಿ ನಂಬಿಕೆ ಕಡಿಮೆ ಎಂದು ನಕ್ಕುಬಿಟ್ಟೆ.

ಗುರುವಾರ ಗುಂಡಿ ಒತ್ತಿದೆ. ಭಾನುವಾರದ ಹೊತ್ತಿಗೆ ಅತಿಥಿಗಳ ಅಂಕಿ ನೂರಾ ತೊಂಬತ್ತು ದಾಟಿತು! ಬೀದಿಯಲ್ಲಿ ಎದೆ ಸೆಟೆಸಿಕೊಂಡು ಎರಡು ಸುತ್ತು ಹಾಕಿ ಬಂದೆ.

ಸೋಮವಾರ ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದವರು ಎದುರು ಮನೆಯ ಕಲ್ಲಯ್ಯ. ಇಸ್ತ್ರಿ ಅಂಗಿ, ಹಣೆಯ ತುಂಬ ವಿಭೂತಿ, ಹಿಂದೆ ಒಂಬತ್ತು ಜನ. ಬಾಗಿಲಲ್ಲಿದ್ದ ಅವ್ವ ಅವರನ್ನು ಒಳಗೆ ಕೂರಿಸಿ, ನನ್ನನ್ನು ಪಡಸಾಲೆಯ ಮೂಲೆಗೆ ಎಳೆದಳು.

"ಇವರನ್ನ ಯಾರು ಕರದ್ರು?"

"ನೀನೇ ಕರದೀಯಲ್ಲವ್ವಾ. ಪುಸ್ತಕದಾಗ ಹಾಳಿ ಅಂಟಿತ್ತು, ಬಿಡಿಸಿದೆ."

"ಅಂಟಿರಲಿಲ್ಲೋ. ನಾನೇ ಗಂಜಿ ಹಚ್ಚಿ ಅಂಟಿಸಿದ್ದೆ. ನುಗ್ಗಿ ಟೊಂಗಿ ಕಡದ ಜಗಳದಾಗ ಇವರನ್ನ ಕರೀಬಾರದಂತ ಅಂಟಿಸಿದ್ದು."

"ಹಾಳಿ ಹರಿದು ಒಗೀಬೇಕಿಲ್ಲೇನು?"

"ಹರದ್ರ ಹೊಳ್ಳಿ ಬರತೈತೇನು?"

ಜಗಳವಾಡಿದರೂ ಹಾಳೆ ಹರಿಯದವಳು ನನ್ನ ಅವ್ವ! ಅಷ್ಟರಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಅಂಟಿಸಿಕೊಂಡವರು ಬಂದರು. ಅವಳ ಸೀರೆಯ ಬಣ್ಣ ಆಡಿಕೊಂಡು ಅಂಟಿಸಿಕೊಂಡವರು ಬಂದರು. 'ಮನಿ ಮಂದಿ ಎಲ್ಲಾರೂ' ಎಂದು ದನಿಯಲ್ಲೇ ಇತ್ತಲ್ಲ, ಯಾರೂ ಒಬ್ಬರನ್ನೂ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ. ಪ್ರತಿ ವರ್ಷ ಬರುವವರು ಬೇರೆ. ಶೈಲಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಹಂಚು ಒಂದೇ ಐತಿ, ಮಂದಿ ನೂರು. ನಿಮ್ಮ ವೆಬ್‌ಸೈಟಿನ್ಯಾಗ ಹೋಳಿಗಿ ಸುಡೋದು ಏನರ ಐತೇನ್ರಿ?"

ಆಗಲೇ ಗೇಟಿನ ಬಳಿ ಆಟೋ ನಿಂತಿತು. ಗೌರಕ್ಕ ಇಳಿದರು, ತೊಡೆಯ ಮೇಲಿಟ್ಟುಕೊಂಡು ತಂದ ಭಾರದ ಗಂಟನ್ನೂ ಇಳಿಸಿದರು. ಬಟ್ಟೆ ಸರಿದಾಗ ಒಳಗೆ ಕಂಡದ್ದು ಅಗಲವಾದ ಕಬ್ಬಿಣದ ಹೋಳಿಗೆ ಹಂಚು. ಇಪ್ಪತ್ತೆರಡು ವರ್ಷದ ಹಿಂದೆ ಮಗಳ ಮದುವೆಗೆಂದು ನಮ್ಮ ಮನೆಯಿಂದ ಒಯ್ದದ್ದು! ಅದಿನ್ನೂ ಬಂದಿಲ್ಲ ಎಂದು ಅವ್ವ ನಾಲ್ಕು ಜನರೆದುರು ಅಂದಿದ್ದಳಂತೆ. ಆ ಮಾತಿಗೆ ಗೌರಕ್ಕ ಹಂಚನ್ನೂ ಕೊಡಲಿಲ್ಲ, ಮುಖವನ್ನೂ ತೋರಿಸಲಿಲ್ಲ.

ಅವ್ವ ಬಾಗಿಲಲ್ಲಿ ಕಂಬದಂತೆ ನಿಂತಳು. ನನ್ನ ಬುದ್ಧಿಗೇಡಿ ಬಾಯಿ ಸುಮ್ಮನಿರಬೇಕಲ್ಲ. ಹಾಳೆ, ಹಬೆ, ಚಾಕು ಎಲ್ಲವನ್ನೂ ಒದರಿಬಿಟ್ಟೆ. ಗೌರಕ್ಕ ಗಂಟನ್ನು ಮತ್ತೆ ಕಟ್ಟತೊಡಗಿದರು.

"ನಿನ್ನ ದನಿ ಕೇಳಿ ಬಂದೆ, ಗುರುಶಾಂತಾ. ತಪ್ಪಿ ಬಂದಿದ್ರ ಹೊಳ್ಳಿ ಹೋಗ್ತೀನಿ."

ನನ್ನ ಒಂದು ಗುಂಡಿಯಿಂದ ಆ ಮುದುಕಿ ಎರಡನೆಯ ಸಲ ಅವಮಾನ ಹೊತ್ತು ಹೋಗುತ್ತಾರಲ್ಲ ಎಂದು ಅಳು ಬರುವಂತಾಯಿತು. ಅವ್ವ ಮೊಣಕಾಲು ಹಿಡಿದುಕೊಂಡು ಮೂರು ಮೆಟ್ಟಿಲು ಇಳಿದಳು.

"ಹಂಚು ತಂದೀಯಲ್ಲ. ಬಾ ಒಳಗ, ಹೋಳಿಗಿ ಸಾಲೂದಿಲ್ಲ."

ಇಬ್ಬರೂ ಎರಡು ಒಲೆಯ ಮುಂದೆ ಕೂತು, ಯಾರ ಹೋಳಿಗೆ ದಪ್ಪ ಎಂದು ಹೊಸ ಜಗಳ ಆಡುತ್ತ ನೂರು ಜನಕ್ಕೆ ಸುಟ್ಟರು. ಕಡೆಯ ಪಂಕ್ತಿಯಲ್ಲಿ ಅವರಿಬ್ಬರೂ ನಾನೂ ಕೂತೆವು. ನನಗೆ ಮತ್ತೆ ಜೀವ ಬಂದಿತ್ತು. ನನ್ನ ಸೈಟಿಗೆ ನೂರಾ ತೊಂಬತ್ತು ಅತಿಥಿಗಳು ಬಂದರು, ಒಂದೇ ನಂಬರಿನಿಂದ ಅರವತ್ತಮೂರು ಸಲ ತೆರೆದಿದ್ದಾರೆ ಎಂದು ಜಂಬ ಕೊಚ್ಚಿ, ಯಾರದು ನೋಡೋಣವೆಂದು ಫೋನ್ ತೆಗೆದೆ. ಗೌರಕ್ಕ ಎಲೆಯಿಂದ ಮುಖ ಎತ್ತಲಿಲ್ಲ. ಅವ್ವ ನನ್ನ ಕೈಯಿಂದ ಫೋನ್ ಕಸಿದು ಪಕ್ಕಕ್ಕಿಟ್ಟು, ತನ್ನ ಎಲೆಯ ಹೋಳಿಗೆಯನ್ನು ಗೆಳತಿಯ ಎಲೆಗೆ ಹಾಕಿದಳು. ಬಡಿಸುತ್ತಿದ್ದ ಶೈಲಾಳಿಗೆ ಕಡೆಗೆ ಉಳಿದದ್ದು ಅನ್ನ, ಮಜ್ಜಿಗೆ.

ಮರುದಿನ ಬೆಳಿಗ್ಗೆ ಪುಸ್ತಕ ಮೇಜಿನ ಮೇಲಿತ್ತು. ಏಳೂ ಹಾಳೆ ಬಿಡಿಯಾಗಿದ್ದವು. ಗೌರಕ್ಕನ ಹಾಳೆಯಲ್ಲಿ ಅವ್ವ ತನ್ನ ಕೈಯಾರೆ ಹೊಸ ನಂಬರು ಬರೆದಿದ್ದಳು. ಆದರೆ ಕೊನೆಯ ಹಾಳೆ ಹೊಸದಾಗಿ ಅಂಟಿತ್ತು, ಗಂಜಿ ಇನ್ನೂ ಹಸಿ. ಯಾರದೆಂದು ಕೇಳಿದರೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಗೆ ಎದ್ದುಹೋದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಶೈಲಾಳ ದುಂಡು ಅಕ್ಷರ: 'ಸುಭಾಷ್, ವೆಬ್ ಡೆವಲಪರ್.'

ಹಬೆಗೆ ಹಿಡಿದು ಬಿಡಿಸೋಣವೆಂದು ಅಡುಗೆಮನೆಗೆ ಓಡಿದೆ. ಒಲೆಯ ಮೇಲಿನ ಪಾತ್ರೆಯಲ್ಲಿದ್ದದ್ದು ಎರಡೇ ಲೋಟ ಚಹಾ, ಅತ್ತೆಗೊಂದು, ಸೊಸೆಗೊಂದು.