ಸಾವಿರ ಕವಿಲೆಯ ಪಾಪ

ನಮ್ಮ ಕಡೆ ಇತಿಹಾಸದ ಮೇಷ್ಟ್ರಿಗೆ ನಗುವುದಕ್ಕೆ ಬರವಿಲ್ಲ. ಅಳುವುದಿದ್ದರೆ ಮನೆಗೆ ಹೋಗಿ ಅಳಬೇಕು. ತೊಂಬತ್ತರ ದಶಕದಲ್ಲಿ ನಾನು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ನೀಲಗುಂದಕ್ಕೆ ಗುಡಿ ನೋಡಲು ದೂರದೂರದಿಂದ ಜನ ಬರುತ್ತಿದ್ದರು. ನಮ್ಮೂರಿಗಿದ್ದದ್ದು ಒಂದೇ ಒಂದು ಶಾಸನದ ಕಲ್ಲು. ಊರಿನ ಹಳೆಯ ಹೆಸರು, ಕೆರೆ ಕಟ್ಟಿಸಿದವನ ಹೆಸರು ಅದರಲ್ಲಷ್ಟೇ ಇದ್ದವು. ಅದೊಂದು ಉಳಿಯಲಿ ಅನ್ನುವುದು ನನ್ನ ಹುಚ್ಚು.

ಒಗೆಯೋ ಕಲ್ಲು

ಕಲ್ಲು ಸಿಕ್ಕಿದ್ದು ಬಾವಿಯ ಪಕ್ಕ. ಅಜ್ಜಿಯೊಬ್ಬಳು ಅದರ ಮೇಲೆ ಕೌದಿ ಒಗೆಯುತ್ತಿದ್ದಳು. ಕೊನೆಯ ಸಾಲು ಓದಿ ಹೇಳಿದೆ: “ಅಜ್ಜೀ, ಇದನ್ನ ಅಳಿಸಿದವರಿಗೆ ಕಾಶಿಯೊಳಗ ಸಾವಿರ ಕವಿಲೆ, ಅಂದ್ರ ಕಪಿಲೆ ಆಕಳು, ಕೊಂದ ಪಾಪ ಬರ್ತೈತಿ ಅಂತ ಬರದಾರ.”

“ನಾ ಎಲ್ಲಿ ಅಳಸಾಕತ್ತೀನಿ ಮೇಷ್ಟ್ರೇ? ದಿನಾ ಸೋಪು ಹಚ್ಚಿ ತೊಳೀತೀನಿ. ನಿಮ್ಮ ರಾಜನೂ ಇಷ್ಟು ಸ್ವಚ್ಛ ಇಟ್ಟಿರಲಿಲ್ಲ.”

ಸೂರ್ಯ, ಚಂದ್ರ

ಹೇಗೋ ಅಜ್ಜಿಯನ್ನು ಒಪ್ಪಿಸಿ, ಕಲ್ಲನ್ನು ಕೆರೆ ಏರಿಯ ಮೇಲೆ ನಿಲ್ಲಿಸಿದೆವು. ಮೇಲೆ ಕೆತ್ತಿದ ಸೂರ್ಯ, ಚಂದ್ರರನ್ನು ಊರವರಿಗೆ ತೋರಿಸಿ, “ಇವರಿರೋತನಕ ಈ ದಾನ ಇರ್ತೈತಿ ಅಂತ ಅರ್ಥ” ಎಂದೆ. ವಾರದೊಳಗೆ ಕಲ್ಲಿನ ಎರಡೂ ಮಗ್ಗುಲಿಗೆ ಗುಂಡಿ ಬಿದ್ದಿದ್ದವು. ಅಗೆದವನು ನಾಚಿಕೊಳ್ಳಲೂ ಇಲ್ಲ.

“ಸೂರ್ಯನ ಕಡೆ ಬಂಗಾರ, ಚಂದ್ರನ ಕಡೆ ಬೆಳ್ಳಿ ಐತಿ ಅಂದ್ರು. ಎರಡೂ ಸಿಗಲಿಲ್ಲ. ನೀವೇ ಮೊದ್ಲು ತಗಂಡೀರೇನ್ರಿ?”

ಅರ್ಧ ಊರು ಅದನ್ನೇ ನಂಬಿತು. ಆ ವರ್ಷವೇ ನಾನು ಹಳೇ ಸ್ಕೂಟರ್ ಕೊಂಡದ್ದು ತಪ್ಪಾಯಿತು.

ಯಾವ ಜಿಲ್ಲೆಯ ಕಲ್ಲು?

ಬೇಲಿ ಹಾಕಿಸಿ ಎಂದು ಬಳ್ಳಾರಿಗೆ ಅಲೆದೆ. ಅಷ್ಟರಲ್ಲಿ ನಮ್ಮ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿತು. “ಕಲ್ಲು ಈಗ ಅವರದು” ಎಂದರು ಬಳ್ಳಾರಿಯವರು. ದಾವಣಗೆರೆಯ ಗುಮಾಸ್ತ ಕನ್ನಡಕ ಏರಿಸಿ ಕೇಳಿದ: “ಶಾಸನದಾಗ ದಾವಣಗೆರೆ ಅಂತ ಎಲ್ಲಾರ ಐತೇನ್ರಿ?”

ರಾಜನಿಗೆ ಮುಂದಾಲೋಚನೆ ಸಾಲದು ಎಂದು ಒಪ್ಪಿಕೊಂಡು ಬಂದೆ.

ಬೋರ್ಡು

ವರ್ಷಗಳು ಕಳೆದ ಮೇಲೆ ಮಂಜೂರಾಯಿತು. ಬೇಲಿಯಲ್ಲ, ಬೋರ್ಡು. ಅಷ್ಟಕ್ಕೇ ಹಿಗ್ಗಿ ಪೇಡೆ ಕಟ್ಟಿಸಿಕೊಂಡು ಏರಿಗೆ ಓಡಿದೆ. ‘ಇಲ್ಲಿರುವ ಪ್ರಾಚೀನ ಶಾಸನವನ್ನು ಕಾಪಾಡಿ’ ಎಂಬ ಬೋರ್ಡು ನೆಟ್ಟಗೆ ನಿಂತಿತ್ತು. ಶಾಸನ ಇರಲಿಲ್ಲ. ಬೋರ್ಡಿನ ಬುಡದ ಸಿಮೆಂಟಿನಲ್ಲಿ ಅದರ ಚೂರುಗಳಿದ್ದವು. ಒಂದರಲ್ಲಿ ಅರ್ಧ ಚಂದ್ರ ಕಾಣುತ್ತಿದ್ದ.

“ಬುನಾದಿಗೆ ಕಲ್ಲು ಕಮ್ಮಿ ಬಿದ್ವು” ಎಂದ ಅಲ್ಲೇ ನಿಂತಿದ್ದ ಬೋರ್ಡಿನ ಗುತ್ತಿಗೆದಾರ.

ಊರಿನ ಹೆಸರು, ಕೆರೆ ಕಟ್ಟಿಸಿದವನ ಹೆಸರು ಎರಡೂ ಜಲ್ಲಿಯಾಗಿದ್ದವು. ಇನ್ನು ನಾನು ಬಾಯಲ್ಲಿ ಹೇಳಿದರೆ ಯಾರು ನಂಬಿಯಾರು? ಮನೆಗೆ ಹೋಗುವವರೆಗೆ ತಡೆಯಲಾಗಲಿಲ್ಲ, ಅಲ್ಲೇ ಕಣ್ಣು ತುಂಬಿತು.

“ಅಲ್ರೀ, ಒಡೆದವರಿಗೆ ಸಾವಿರ ಕವಿಲೆ ಕೊಂದ ಪಾಪ ಅಂತ ಅದರಾಗ ಬರದಿತ್ತಲ್ರೀ!”

ಅವನು ಬಗ್ಗಿ ಸಿಮೆಂಟಿನ ಸುತ್ತ ಒಮ್ಮೆ ಕಣ್ಣಾಡಿಸಿದ. ಆಮೇಲೆ ನನ್ನ ಕೈಯ ಪೊಟ್ಟಣದಿಂದ ಒಂದು ಪೇಡೆ ತೆಗೆದು ಬಾಯಿಗೆ ಹಾಕಿಕೊಂಡು ಹೇಳಿದ:

“ಈಗ ಎಲ್ಲಿ ಬರದೈತಿ, ತೋರಸ್ರಿ ಮೇಷ್ಟ್ರೇ?”