ತಿಪ್ಪಣ್ಣ ಚಿಕ್ಕಪ್ಪ ಕಾದಿರಿಸಿದ ಹಾಸಿಗೆ

ದೆವ್ವಗಳ ಬಗ್ಗೆ ನನ್ನ ನಿಲುವು ಮೊದಲಿನಿಂದಲೂ ಸ್ಪಷ್ಟ. ಅವು ಇಲ್ಲ! ಚಿತ್ರದುರ್ಗದ ಕೋಟೆಯ ಬಂಡೆ ನೆರಳು ಚೆಲ್ಲುವ ಬೀದಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವನು ಅಂಥದ್ದನ್ನೆಲ್ಲ ನಂಬಿದರೆ ಹೇಗೆ? ನಮ್ಮೂರಿಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ವರ್ಷ, ಒಂದು ಸೋಮವಾರ ಮಧ್ಯಾಹ್ನದವರೆಗೆ ನಾನು ಹೀಗೆಯೇ ಹೇಳಿಕೊಂಡು ತಿರುಗುತ್ತಿದ್ದೆ.

ಹೊಸದಾಗಿ ಲಾಡ್ಜ್ ಕಟ್ಟಿಸಿದ್ದವರೊಬ್ಬರು ವೆಬ್‌ಸೈಟ್ ಬೇಕೆಂದು ಬಂದಿದ್ದರು. ರೂಮು ಕಾದಿರಿಸಿದವರಿಗೆ ತಾನಾಗಿಯೇ ಇ-ಮೇಲ್ ಹೋಗಬೇಕು, ಗಿರಾಕಿ ಬಂದು ಇಳಿಯುವ ತನಕ ದಿನಾ ನೆನಪಿಸಬೇಕು. ಇಂಥ ಕೆಲಸಕ್ಕೆ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಸಿಗುತ್ತದೆ. ಅದರ ಒಂದು ಫೈಲಿನಲ್ಲಿ ‘ಇದು ಪರೀಕ್ಷೆ’ ಎಂಬರ್ಥದ ಒಂದೇ ಸಾಲು ಬರೆದರೆ ಸಾಕು, ಕಾಗದಗಳು ಯಾರಿಗೂ ಹೋಗದೆ ಕಂಪ್ಯೂಟರಿನೊಳಗೇ ಕೂರುತ್ತವೆ. ಬರೆದೆ!

ಪರೀಕ್ಷೆಗೆ ಹೆಸರು ಬೇಕಲ್ಲ. ಕಳಿಸುವವರ ಜಾಗದಲ್ಲಿ ನಮ್ಮ ತಿಪ್ಪಣ್ಣ ಚಿಕ್ಕಪ್ಪನ ಹೆಸರು ಹಾಕಿದೆ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು, ಆಕ್ಷೇಪಣೆ ಬರುವ ಸಂಭವ ಕಡಿಮೆ. ಪಡೆಯುವವರ ಜಾಗದಲ್ಲಿ ನನಗೆ ಬಾಯಿಪಾಠವಿದ್ದ ಎರಡು ವಿಳಾಸ ಹಾಕಿದೆ. ಒಂದು ನನ್ನದು. ಇನ್ನೊಂದು ಹಿರಿಯೂರಿನ ರುದ್ರಣ್ಣ ದೊಡ್ಡಪ್ಪನದು. ಅವರು ತಿಪ್ಪಣ್ಣನವರ ಒಡಹುಟ್ಟಿದ ಅಣ್ಣ, ನಿವೃತ್ತ ಪೋಸ್ಟ್ ಮಾಸ್ಟರ್. ತಲುಪಿದ ಕಾಗದ ಯಾವುದೇ ಇರಲಿ, ಅದನ್ನು ಕಣ್ಣಿಗೊತ್ತಿಕೊಂಡು ಓದುವ ಪೈಕಿ.

ಸೋಮವಾರ ಹನ್ನೆರಡೂಕಾಲಿಗೆ ಅವರ ಫೋನು ಬಂತು.

“ಲೇ ಮಂಜ, ತಿಪ್ಪ ಕಾಗದ ಬರ್ದವ್ನೆ.”

“ಯಾವ ತಿಪ್ಪ ದೊಡ್ಡಪ್ಪ?”

“ನಮ್ ತಿಪ್ಪ ಕಣೋ. ಸತ್ತೋದ್ನಲ್ಲ, ಅವ್ನು.”

ಆಮೇಲೆ ತಂತಿ ಓದುವವರ ಹಾಗೆ ನಿಧಾನವಾಗಿ ಓದಿದರು. ಮೇಲ್ ಹೀಗಿತ್ತು:

‘ತಾವು ಬರುವ ವಿಷಯ ತಿಳಿದು ಸಂತೋಷವಾಯಿತು. ತಮಗಾಗಿ ಒಂದು ಆಸಿಗೆ ಕಾದಿರಿಸಲಾಗಿದೆ. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಬನ್ನಿ. ಜೊತೆಯಲ್ಲಿ ಏನನ್ನೂ ತರಬೇಕಾಗಿಲ್ಲ. ಇತಿ, ತಿಪ್ಪಣ್ಣ.’

ಲಾಡ್ಜಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹಾಗಾಗಿ ಎಲ್ಲಿಗೆ ಬರಬೇಕು ಎಂಬುದನ್ನು ಖಾಲಿ ಬಿಟ್ಟಿದ್ದೆ.

“ಗುರುವಾರ ನನಗೆ ಹರ್ನಿಯಾ ಆಪರೇಷನ್ ಐತೆ ಅಂತ ಅವನಿಗೆ ಹೆಂಗೋ ಗೊತ್ತಾತು?” ಎಂದರು ದೊಡ್ಡಪ್ಪ. “ಬದುಕಿದ್ದಾಗ ಒಂದಿನಾನೂ ನನಗೆ ತಾವು ಅಂದವನಲ್ಲ. ಅಲ್ಲಿಗೋದ್ಮೇಲೆ ಮರ್ಯಾದೆ ಕಲ್ತವ್ನೆ!”

ಆಪರೇಷನ್ ವಿಷಯ ನನಗೇ ಗೊತ್ತಿರಲಿಲ್ಲ. ಗುರುವಾರ ಎಂದು ಬರೆದದ್ದು ಸುಮ್ಮನೆ, ಕೈಗೆ ಬಂದ ವಾರ. ಫೈಲು ತೆಗೆದು ನೋಡಿದೆ. ‘ಇದು ಪರೀಕ್ಷೆ’ ಎಂಬ ಸಾಲು ಇತ್ತು. ಕಾಗದವೂ ಎಲ್ಲಿಗೂ ಹೋಗದೆ ಅಲ್ಲೇ ಕೂತಿತ್ತು. ಆದರೆ ನನ್ನ ಇ-ಮೇಲ್ ಅಂಚೆಪೆಟ್ಟಿಗೆ ತೆರೆದರೆ ಅಲ್ಲೂ ಅದೇ ಕಾಗದ ಬಂದಿತ್ತು! ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತ ಮೇಲೆ ಕೋಣೆಯಲ್ಲಿ ಚಿಕ್ಕಪ್ಪ ಸೇದುತ್ತಿದ್ದಂಥ ಬೀಡಿಯ ವಾಸನೆ ತೇಲಿ ಬಂತು. ಬೀದಿಯಲ್ಲಿ ಯಾರೂ ಇರಲಿಲ್ಲ. ನಾನು ಎದ್ದು ಮನೆಗೆ ನಡೆದೆ. ಓಡಿದೆ ಎಂದು ಹೆಂಡತಿ ಹೇಳುತ್ತಾಳೆ, ಅದು ಉತ್ಪ್ರೇಕ್ಷೆ.

“ನೀವೇ ಬರ್ದಿದ್ದಲ್ವೇನ್ರಿ ಅದು?” ಎಂದಳು ಹೆಂಡತಿ ಸಾವಿತ್ರಿ.

“ಬರೆದದ್ದು ನಾನೇ ಕಣೆ. ಕಳಿಸಿದ್ದು ನಾನಲ್ಲ.”

“ಮತ್ಯಾರು?”

ನಾನು ಬಾಗಿಲ ಚಿಲಕ ಹಾಕಿದೆ. ಅವಳು ಮೆಲ್ಲಗೆ, “ನಾವು ಸಣ್ಣೋರಿದ್ದಾಗ ಬಾಗ್ಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ದೆವ್ವ ಓದ್ಕಂಡು ವಾಪಸ್ ಹೋಗ್ಲಿ ಅಂತ. ಹಂಗೇ ಒಂದು ಉತ್ತರ ಹಾಕ್ರಿ,” ಎಂದಳು.

ನಾನು ವಿಜ್ಞಾನದ ಪದವೀಧರ. ಆದ್ದರಿಂದ ಬಹಳ ಯೋಚಿಸಿ, ‘ನಾಳೆ ಬಾ’ ಎಂದು ಟೈಪ್ ಮಾಡಿ ಕಳಿಸಿದೆ.

ಮಂಗಳವಾರ ಹನ್ನೆರಡು ಗಂಟೆಗೆ ಸರಿಯಾಗಿ ಚಿಕ್ಕಪ್ಪ ಬಂದರು, ಅದೇ ಕಾಗದದ ರೂಪದಲ್ಲಿ!

ಹಿರಿಯೂರಿನಲ್ಲಿ ದೊಡ್ಡಪ್ಪನೂ ಸ್ವಂತ ಬುದ್ಧಿಯಿಂದ ಅದನ್ನೇ ಮಾಡಿದ್ದರಂತೆ. “ನಾಳೆ ಬಾ ಅಂದಿದ್ದೆ, ಬಂದ ನೋಡು. ಅವನು ಯಾವತ್ತೂ ನನ್ನ ಮಾತು ಮೀರಿದವನಲ್ಲ,” ಎಂದರು ಫೋನಿನಲ್ಲಿ. ಆಪರೇಷನ್ ಬೇಡ, ಆಸ್ಪತ್ರೆಗೆ ಹೋದರೆ ವಾಪಸ್ ಬರೋದಿಲ್ಲ ಎಂದು ತೀರ್ಮಾನಿಸಿ ವಾಚು, ಛತ್ರಿ, ಉಲ್ಲನ್ ಕೋಟುಗಳನ್ನು ಹಂಚಲು ಶುರುಮಾಡಿದ್ದರು. ಇನ್ನೂ ತಡವಾದರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಅಪಾಯ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನನಗೆ ಈಗ ದೆವ್ವಕ್ಕಿಂತ ಹೆಚ್ಚಾಗಿ ದೊಡ್ಡಪ್ಪನದೇ ಭಯವಾಯಿತು.

ಬುಧವಾರ ಮಧ್ಯಾಹ್ನ ಮೂರನೇ ಕಾಗದ ಬಂದ ಮೇಲೆ ನನ್ನ ತಲೆಗೆ ಹೊಳೆಯಿತು. ಲಾಡ್ಜಿನವರಿಗೆ ತೋರಿಸಲೆಂದು ಇಡೀ ಪ್ರೋಗ್ರಾಮನ್ನು ಒಂದು ಬಾಡಿಗೆ ಸರ್ವರಿಗೂ, ಅಂದರೆ ದೂರದಲ್ಲೆಲ್ಲೋ ಹಗಲೂ ರಾತ್ರಿ ನಡೆಯುವ ಕಂಪ್ಯೂಟರಿಗೂ, ಏರಿಸಿದ್ದೆ. ‘ಇದು ಪರೀಕ್ಷೆ’ ಎಂದು ನನ್ನ ಕಂಪ್ಯೂಟರಿನಲ್ಲಿ ಬರೆದಿದ್ದೆ, ಅಲ್ಲಿ ಬರೆದಿರಲಿಲ್ಲ! ದಿನಾ ಹನ್ನೆರಡಕ್ಕೆ ನೆನಪಿಸು ಎಂದು ಹೇಳಿದ್ದೂ ನಾನೇ. ತರಬೇತಿ ಕೇಂದ್ರಕ್ಕೆ ಓಡಿಹೋಗಿ, ಸರ್ವರಿನಲ್ಲಿಯೂ ಆ ಸಾಲು ಬರೆದು, ಸಾವಿತ್ರಿಯನ್ನು ಕರೆದುಕೊಂಡು ಹಿರಿಯೂರಿನ ಬಸ್ಸು ಹತ್ತಿದೆ.

ದೊಡ್ಡಪ್ಪ ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿ ನಕ್ಕರು.

“ನಿನ್ ಕೈಲಿ ಆಗೋ ಕೆಲ್ಸ ಏನೋ ಇದು? ಮೂರು ದಿನಾನೂ ಗಂಟೆ ಹೊಡ್ದಂಗೆ ಹನ್ನೆರಡಕ್ಕೇ ಬಂದೈತೆ. ನೀನು ನಿನ್ ಮದ್ವೆ ಮುಹೂರ್ತಕ್ಕೇ ತಡವಾಗಿ ಬಂದೋನು!”

“ಹೌದು,” ಎಂದಳು ಸಾವಿತ್ರಿ.

ಸರಿ, ಕಣ್ಣೆದುರಿಗೇ ಕಳಿಸಿ ತೋರಿಸುತ್ತೇನೆಂದು ಅವರ ಕಂಪ್ಯೂಟರಿನ ಮುಂದೆ ಕೂತೆ. ವೆಬ್‌ಸೈಟಿನಲ್ಲಿ ರೂಮು ಕಾದಿರಿಸಿದೆ. ಐದು ನಿಮಿಷ ಕಾದೆವು. ಏನೂ ಬರಲಿಲ್ಲ. ಎಲ್ಲ ಕಡೆಯೂ ‘ಇದು ಪರೀಕ್ಷೆ’ ಎಂದು ಆಗಷ್ಟೇ ಬರೆದು ಬಂದಿದ್ದೆನಲ್ಲ!

“ನೋಡ್ದೇನಪ್ಪ?” ಎಂದು ದೊಡ್ಡಪ್ಪ ತಮ್ಮ ಟಾರ್ಚನ್ನೂ ನನ್ನ ಕೈಗಿಟ್ಟರು. “ಇಟ್ಕಾ. ನನಗಿನ್ನು ಬೇಕಾಗಲ್ಲ.”

ಅಷ್ಟರಲ್ಲಿ ಹೊಸದುರ್ಗದಿಂದ ಚಿಕ್ಕಮ್ಮ ಬಂದರು. ತಿಪ್ಪಣ್ಣನವರ ಹೆಂಡತಿ, ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದ ಟೀಚರ್. ಗಂಡನ ಕಾಗದ ಬಂದಿದೆ ಎಂದು ಕೇಳಿ ಬಸ್ಸು ಹಿಡಿದಿದ್ದರು. “ಮೂರು ವರ್ಷಕ್ಕೆ ಬರ್ದವ್ರು ನನಗೊಂದು ಸಾಲು ಬರೀಲಿಲ್ಲ,” ಎಂದು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ಅವರ ಬೆರಳು ಎರಡನೇ ಸಾಲಿನ ಮೇಲೆ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು.

“ಇದು ಅವರು ಬರ್ದಿದ್ದಲ್ಲ ಭಾವ.”

“ಹೆಂಗೆ ಹೇಳ್ತೀಯಮ್ಮ?”

“‘ಆಸಿಗೆ’ ಅಂತ ಐತೆ ನೋಡ್ರಿ. ಹಾಸಿಗೆ ಅಲ್ಲ, ಆಸಿಗೆ! ಈ ಹಕಾರಕ್ಕೆ ಇವನ ಕೈಲಿ ನೂರು ಸಲ ಬರೆಸಿದೀನಿ,” ಎಂದು ನನ್ನ ಕಡೆ ತಿರುಗಿದರು. “ಕೈ ಚಾಚೋ.”

ನನಗಾಗ ಮೂವತ್ನಾಲ್ಕು ವರ್ಷ. ಚಾಚಿದೆ.

ದೊಡ್ಡಪ್ಪ ಆ ಕ್ಷಣವೇ ನಂಬಿದರು. ನನ್ನ ಕೈಯಿಂದ ಟಾರ್ಚು ವಾಪಸ್ ಇಸಿದುಕೊಂಡರು. ಗುರುವಾರ ಹನ್ನೆರಡರೊಳಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವರಿಗಾಗಿ ಕಾದಿರಿಸಿದ್ದ ಹಾಸಿಗೆಯ ಮೇಲೆ ಮಲಗಿದರು, ವಾರಕ್ಕೆ ಎದ್ದು ಮನೆಗೆ ನಡೆದರು. ಚಿಕ್ಕಮ್ಮ ಮಾತ್ರ ಬಸ್ಸು ಹತ್ತುವಾಗ, “ಅವರೇ ಬರ್ದಿದ್ರೆ ಚೆನ್ನಾಗಿರ್ತಿತ್ತು ಕಣೋ,” ಎಂದರು. ನನಗೆ ಅಳು ಬಂತು. ಕೈಯೂ ಉರಿಯುತ್ತಿತ್ತು.

ಮೂರು ದಿನದಲ್ಲಿ ಆ ‘ಹ’ ತಿದ್ದಿ, ತಿಪ್ಪಣ್ಣನವರನ್ನು ತೆಗೆದು, ಸರ್ವರಿನಲ್ಲಿ ‘ಇದು ಪರೀಕ್ಷೆ’ ಎಂಬ ಸಾಲನ್ನು ಅಳಿಸಿ, ವೆಬ್‌ಸೈಟನ್ನು ಲಾಡ್ಜಿನವರಿಗೆ ಹೆಮ್ಮೆಯಿಂದ ಒಪ್ಪಿಸಿದೆ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅವರ ಮೊದಲ ಗಿರಾಕಿಗೆ ಕಾಗದ ಹೋಯಿತು: ತಮಗಾಗಿ ಒಂದು ಆಸಿಗೆ ಕಾದಿರಿಸಲಾಗಿದೆ. ಇತಿ, ತಿಪ್ಪಣ್ಣ.

ಅದನ್ನೂ ನನ್ನ ಕಂಪ್ಯೂಟರಿನಲ್ಲಿ ಮಾತ್ರ ತಿದ್ದಿದ್ದೆ.