ಮಾವನ ಎಂಟು ಪುಟದ ಅಮೆರಿಕ

ನಮ್ಮ ಮಾವ ಒಂದೇ ಸಮಯಕ್ಕೆ ಎರಡು ದೇಶಗಳಲ್ಲಿ ವಾಸಿಸುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ದೇಹ ಮಲೇಷ್ಯಾದಲ್ಲಿ, ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ, ನಮ್ಮ ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ. ಮನಸ್ಸು ಅಮೆರಿಕದ ಒಂದು ಪುಟ್ಟ ಊರಿನಲ್ಲಿ. ಎಷ್ಟು ಪುಟ್ಟದು ಅಂತೀರಿ? ಭೂಪಟದಲ್ಲಿ ಅದರ ಮೇಲೊಂದು ಸಾಸಿವೆ ಕಾಳಿಟ್ಟರೆ ಊರಿಗೆ ಊರೇ ಮುಚ್ಚಿಹೋಗುತ್ತದೆ!

ಮಾವ ಎಂದರೆ ನಮ್ಮ ಯಜಮಾನರ ಸೋದರಮಾವ. ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರಾಗಿದ್ದಾಗ ತರಬೇತಿಗೆಂದು ನಾಲ್ಕೇ ತಿಂಗಳು ಆ ಊರಿನಲ್ಲಿದ್ದರು. ಆ ಊರು ಬಿಟ್ಟು ಇಪ್ಪತ್ತೈದು ವರ್ಷವಾದರೂ ಅಲ್ಲಿನ ಎಂಟು ಪುಟದ ದಿನಪತ್ರಿಕೆಯನ್ನು ಬಿಟ್ಟಿಲ್ಲ. ಈಗ ಟ್ಯಾಬ್ಲೆಟ್ಟಿನಲ್ಲಿ ಓದುತ್ತಾರೆ. ಎದುರು ಫ್ಲ್ಯಾಟಿನವರ ಹೆಸರು ಗೊತ್ತಿಲ್ಲದ ಈ ಮನುಷ್ಯನಿಗೆ ಅಲ್ಲಿನ ಗಣ್ಯರೆಲ್ಲ ಗೊತ್ತು. ಮೂರು ಸಲ ಗೆದ್ದ ಮೇಯರ್, ಚೆಸ್ ಚಾಂಪಿಯನ್ ಆದ ಕ್ಷೌರಿಕ, ಆಳೆತ್ತರದ ಕುಂಬಳಕಾಯಿ ಬೆಳೆದ ದಂತವೈದ್ಯ! ಅಲ್ಲಿ ಹಿಮ ಬಿದ್ದರೆ ಮಾವ ಇಲ್ಲಿ, ಬೆವರು ಸುರಿಯುವ ಮಧ್ಯಾಹ್ನ, ಸ್ವೆಟರ್ ಹಾಕಿಕೊಳ್ಳುತ್ತಾರೆ.

ಒಮ್ಮೆ ಲಿಫ್ಟಿನಲ್ಲಿ ಕೆಳಮಹಡಿಯ ತಮಿಳು ಆಂಟಿ, ಯಾಕೆ ಸಪ್ಪಗಿದ್ದೀರಿ ಎಂದು ಕೇಳಿದರಂತೆ. "ನಮ್ಮವರೊಬ್ಬರು ಜಾರಿಬಿದ್ದು ಕಾಲು ಮುರ್ಕೊಂಡಿದ್ದಾರೆ" ಎಂದರಂತೆ ಮಾವ. ಪಾಪ, ಆಕೆ ಸಂಜೆ ಒಂದು ಬುಟ್ಟಿ ಕಿತ್ತಳೆ ಹಿಡಿದು ಬಂದು, ರೋಗಿ ಎಲ್ಲಿ ಎಂದು ಕೋಣೆ ಕೋಣೆ ಇಣುಕಿದರು. ರೋಗಿ ಆ ಊರಿನ ಮೇಯರ್! ಹಣ್ಣು ನಾವೇ ತಿಂದೆವು.

ಈ ಗಣ್ಯರಲ್ಲೆಲ್ಲ ಮಾವನ ಮೆಚ್ಚಿನ ಶತ್ರು ಒಬ್ಬಳು ಮುದುಕಿ. ಎಂಬತ್ತೊಂಬತ್ತು ವರ್ಷದ ನಿವೃತ್ತ ಲೈಬ್ರರಿಯನ್. ಮಾವ ಆಕೆಯ ಮುಖ ಕಂಡದ್ದು ಪತ್ರಿಕೆಯಲ್ಲಿ ಮಾತ್ರ. ಲೈಬ್ರರಿ ಮುಂದಿನ ಮೇಪಲ್ ಮರ ಕಡಿದು ಪಾರ್ಕಿಂಗ್ ಮಾಡಲು ಹೊರಟಿದ್ದ ಮೇಯರ್‌ನ ವಿರುದ್ಧ ಆಕೆ ದಿನ ಬಿಟ್ಟು ದಿನ ಸಂಪಾದಕರಿಗೆ ಪತ್ರ ಬರೆಯುತ್ತಿದ್ದಳು.

"ಮತ್ತೆ ಕಾರು ಎಲ್ಲಿ ನಿಲ್ಲಿಸೋದು, ಇವಳ ತಲೆ ಮೇಲಾ?" ಎಂದು ಮಾವ ಇಲ್ಲಿ ಕುರ್ಚಿ ಗುದ್ದುತ್ತಿದ್ದರು.

"ಹೂ ಕೇರ್ಸ್ ಲಾ, ಅಜ್ಜ! ನಿಮ್ ಹತ್ರ ಕಾರೇ ಇಲ್ಲ!" ಎನ್ನುತ್ತಿದ್ದಳು, ಮಾತಿಗೊಂದು 'ಲಾ' ಸೇರಿಸುವ ಇಲ್ಲಿನವರ ಇಂಗ್ಲಿಷ್ ಧಾಟಿಯಲ್ಲಿ, ನನ್ನ ಮಗಳು.

ಹೀಗಿರುವಾಗ ಮಾವನ ಕಣ್ಣಿನ ಪೊರೆಗೆ ಆಪರೇಷನ್ ಆಯಿತು. ಉಡುಪಿ ಕಡೆಯ ಡಾಕ್ಟರು ಕಟ್ಟಪ್ಪಣೆ ಮಾಡಿದರು: "ಹೊಸ ಕನ್ನಡಕ ಬರುವವರೆಗೆ ಓದ್ಲಿಕ್ಕಿಲ್ಲ, ಉಜ್ಜಲಿಕ್ಕಿಲ್ಲ, ಅಳ್ಲಿಕ್ಕೂ ಇಲ್ಲ ಮಾರಾಯ್ರೆ!" ಪತ್ರಿಕೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮೂರನೇ ದಿನ ಐದನೇ ಪುಟ ತೆರೆದರೆ, ಮುದುಕಿ ತೀರಿಕೊಂಡ ಸುದ್ದಿ! ಮಾವ ಕಪ್ಪು ಕನ್ನಡಕ ಹಾಕಿಕೊಂಡು ಕಿವಿ ನೆಟ್ಟಗೆ ಮಾಡಿ ಕೂತಿದ್ದಾರೆ. "ಏನಮ್ಮ, ಏನಂತಾಳೆ ಇವತ್ತು?"

ಮಾವ ಅಳುವಂತಿಲ್ಲವಲ್ಲ! ಬಾಯಿಗೆ ಬಂದ ಒಂದು ಪತ್ರವನ್ನು ಅಲ್ಲೇ ಕಟ್ಟಿ ಓದಿಬಿಟ್ಟೆ. ಆದರೆ ಜಗಳದ ಪತ್ರ ನನಗೆಲ್ಲಿ ಬರಬೇಕು? ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಮೊದಲು ಕುಶಲ ವಿಚಾರಿಸುವ ಪತ್ರ.

"ಇದೇನು, ಮುದುಕಿ ಆ ಮೇಯರ್‌ನ ಆರೋಗ್ಯ ವಿಚಾರಿಸ್ತಿದ್ದಾಳೆ? ಮೆತ್ತಗಾಗಿಬಿಟ್ಲಲ್ಲ!"

"ವಯಸ್ಸಾಯ್ತಲ್ಲ ಮಾವ" ಎಂದೆ.

ಮುಂದಿನ ಪತ್ರಕ್ಕೆ ಧೈರ್ಯ ಮಾಡಿ ಖಾರ ಹಾಕಿದೆ. ಮೇಯರ್‌ನನ್ನು ಕೊಳೆತ ಕುಂಬಳಕಾಯಿ ಎಂದು ಕರೆದೆ! ಮಾವ ತೊಡೆ ತಟ್ಟಿದರು. "ಹಾಂ! ಈಗ ಬಂದ್ಲು ನೋಡು ದಾರಿಗೆ!" ಬೈಯುವುದು ಇಷ್ಟು ಖುಷಿ ಕೊಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಎರಡು ವಾರ ಕಳೆದು ಹೊಸ ಕನ್ನಡಕ ಬಂತು. ಮಾವ ಮೊದಲು ತೆರೆದದ್ದು ಹಳೆಯ ಸಂಚಿಕೆಗಳನ್ನೇ. ಅಡುಗೆಮನೆಯಲ್ಲಿ ನಾನು, ಆರಿದ ಒಲೆಯ ಮೇಲಿನ ಸಾರನ್ನು ಸುಮ್ಮನೆ ತಿರುವುತ್ತ ನಿಂತೆ. ಬಾಲ್ಕನಿಯಿಂದ ಮಾವ ಕರೆದರು.

"ಇಲ್ಲಿ ಬಾಮ್ಮ."

ಹೋದೆ. "ಕ್ಷಮಿಸಿ ಮಾವ, ಡಾಕ್ಟರು ಅಳಬಾರ್ದು ಅಂದಿದ್ರು..."

"ಕ್ಷಮೆ ಯಾಕೆ? ಎರಡು ವಾರ ಹೆಚ್ಚಿಗೆ ಬದುಕಿಸಿದೀಯಲ್ಲ ಅವಳನ್ನ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಪಕ್ಕದ ಕುರ್ಚಿ ನನ್ನ ಕಡೆ ಎಳೆದರು.

"ಕೂತ್ಕೋ. ಸಂಪಾದಕರಿಗೆ ಒಂದು ಪತ್ರ ಬರಿ. ಮರ ಕಡೀಬೇಡಿ ಅಂತ. ಕೆಳಗೆ ನನ್ನ ಹೆಸರು ಹಾಕು."